ಎಫ್‌ಎಫ್‌ಎಂಪೆಗ್ ಇರುವ ಆ್ಯಪ್ ಬಿಡುಗಡೆಗೆ ಮುನ್ನ ನೋಡಬೇಕಾದ ಪರವಾನಗಿಗಳು

ಪಾಠದ ವಿಡಿಯೊಗಳನ್ನೋ ಯಕ್ಷಗಾನದ ಮುದ್ರಿಕೆಗಳನ್ನೋ ಜನರಿಗೆ ತಲುಪಿಸುವ ಆ್ಯಪ್ ಕಟ್ಟುವವರು ಎನ್‌ಕೋಡಿಂಗ್‌ಗೆ, ಅಂದರೆ ವಿಡಿಯೊ ಮತ್ತು ಧ್ವನಿಯನ್ನು ಕುಗ್ಗಿಸಿ ಬೇಕಾದ ರೂಪಕ್ಕೆ ತರಲು, ಸಾಮಾನ್ಯವಾಗಿ ಎಫ್‌ಎಫ್‌ಎಂಪೆಗ್ ಅನ್ನೇ ನೆಚ್ಚುತ್ತಾರೆ. ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ, ಆದರೆ ಷರತ್ತುಗಳಿವೆ. ಅದನ್ನು ಬಳಸುವವರು ಎರಡು ಬಗೆಯ ಅನುಮತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಬರೆದಿಟ್ಟ ಕೋಡ್‌ನ ಹಕ್ಕುಸ್ವಾಮ್ಯದ್ದು ಒಂದು, ಕೋಡೆಕ್‌ನೊಳಗಿನ (ವಿಡಿಯೊ ಅಥವಾ ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನದೊಳಗಿನ) ತಂತ್ರದ ಪೇಟೆಂಟಿನದು ಇನ್ನೊಂದು. ಮೊದಲನೆಯದು ಸಿಕ್ಕಿದ ಮಾತ್ರಕ್ಕೆ ಎರಡನೆಯದು ಸಿಕ್ಕಂತಾಗುವುದಿಲ್ಲ.

ಮೊದಲು ನಿಮ್ಮ ಬಳಿಯಿರುವ ಪ್ರತಿ ಯಾವ ಆಯ್ಕೆಗಳೊಂದಿಗೆ ಕಂಪೈಲ್ ಆಗಿದೆ ಎಂದು ನೋಡಿ. ಎಫ್‌ಎಫ್‌ಎಂಪೆಗ್ ಆಜ್ಞೆಯ ಮುಂದೆ ಅಡ್ಡಗೆರೆ ಮತ್ತು ಇಂಗ್ಲಿಷಿನ ದೊಡ್ಡಕ್ಷರದ ಎಲ್ ಬರೆದು (ffmpeg -L) ಓಡಿಸಿದರೆ ಆ ಪ್ರತಿಯ ಪರವಾನಗಿ ತೆರೆಯ ಮೇಲೆ ಬರುತ್ತದೆ. ಏನನ್ನೂ ಸೇರಿಸದಿದ್ದರೆ ಅದು ಎಲ್‌ಜಿಪಿಎಲ್ 2.1 ಎಂಬ, ಷರತ್ತುಗಳು ಸಡಿಲವಾಗಿರುವ ಮುಕ್ತ ತಂತ್ರಾಂಶ ಪರವಾನಗಿಯ ಅಡಿಯಲ್ಲಿರುತ್ತದೆ. ಎಚ್.264 ಮಾದರಿಯ ವಿಡಿಯೊ ತಯಾರಿಸುವ ಹೆಸರಾಂತ ಎಕ್ಸ್264 ಎನ್‌ಕೋಡರನ್ನು ಜೋಡಿಸಿದರೆ ಇಡೀ ಪ್ರತಿ ಇನ್ನೂ ಬಿಗಿಯಾದ ಜಿಪಿಎಲ್ ಪರವಾನಗಿಯ ಅಡಿಗೆ ಬರುತ್ತದೆ. ಅದನ್ನು ನಿಮ್ಮ ಆ್ಯಪ್‌ನೊಳಗೆ ಬೆಸೆದು ಹಂಚಿದರೆ ಆ್ಯಪ್‌ನ ಸೋರ್ಸ್ ಕೋಡನ್ನೂ ಜಿಪಿಎಲ್ ಪ್ರಕಾರ ತೆರೆದಿಡಬೇಕಾಗುತ್ತದೆ. ಅದು ಬೇಡವೆನ್ನುವವರಿಗೆ ಎಕ್ಸ್264ರ ವಾಣಿಜ್ಯ ಪರವಾನಗಿ ಹಣಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಪೇಟೆಂಟ್ ಸೇರಿರುವುದಿಲ್ಲ. ಜಿಪಿಎಲ್ ಭಾಗಗಳ ಜೊತೆಗೆ ಎಫ್‌ಡಿಕೆ ಎಎಸಿ ಎಂಬ ಧ್ವನಿ ಎನ್‌ಕೋಡರನ್ನೂ ಸೇರಿಸಿದ ಪ್ರತಿಯನ್ನಂತೂ ಯಾರಿಗೂ ಹಂಚುವಂತೆಯೇ ಇಲ್ಲ. ಎಫ್‌ಎಫ್‌ಎಂಪೆಗ್‌ನ ಸ್ವಂತ ಎಎಸಿ ಎನ್‌ಕೋಡರ್ ಸಾಲುವ ಕಡೆ ಇದನ್ನು ಸೇರಿಸಿಕೊಂಡು ತೊಡಕು ತಂದುಕೊಳ್ಳುವುದು ನನ್ನ ಲೆಕ್ಕದಲ್ಲಿ ಅನಗತ್ಯ.

ಎನ್‌ಕೋಡಿಂಗ್ ನಿಮ್ಮದೇ ಸರ್ವರಿನಲ್ಲಿ ನಡೆದು, ಬಳಕೆದಾರರಿಗೆ ವಿಡಿಯೊ ಮಾತ್ರ ಹೋಗುತ್ತಿದ್ದರೆ ಚಿತ್ರ ಬದಲಾಗುತ್ತದೆ. ಜಿಪಿಎಲ್‌ನ ಈ ಕಟ್ಟಳೆ ತಂತ್ರಾಂಶವನ್ನು ಹಂಚಿದಾಗಷ್ಟೇ ಅನ್ವಯಿಸುವುದರಿಂದ ಅಲ್ಲಿ ಎಕ್ಸ್264 ಬಳಸಿದರೂ ಕೋಡ್ ಬಿಟ್ಟುಕೊಡಬೇಕಿಲ್ಲ.

ಆ್ಯಪ್‌ನಲ್ಲೇ ಸೇರಿಸಬೇಕಿದ್ದರೆ ಎಲ್‌ಜಿಪಿಎಲ್ ಪ್ರತಿಯನ್ನು ಡೈನಾಮಿಕ್ ಲಿಂಕಿಂಗ್ ಮೂಲಕ, ಅಂದರೆ ಬೇರೆ ಕಡತವಾಗಿಯೇ ಇಟ್ಟು ಆ್ಯಪ್ ಓಡುವಾಗ ಸೇರುವಂತೆ, ಜೋಡಿಸುವುದು ಸುಲಭದ ದಾರಿ. ನೀವು ಬಳಸಿದ ಅದೇ ಆವೃತ್ತಿಯ ಎಫ್‌ಎಫ್‌ಎಂಪೆಗ್ ಸೋರ್ಸನ್ನು, ಮಾಡಿದ ಬದಲಾವಣೆಗಳ ಸಮೇತ, ಡೌನ್‌ಲೋಡ್‌ಗೆ ಇಡಿ. ಆ್ಯಪ್‌ನ ಪರಿಚಯ ಪುಟದಲ್ಲಿ ಅದರ ಹೆಸರನ್ನೂ ಪರವಾನಗಿಯನ್ನೂ ನಮೂದಿಸಿ. ಬಳಕೆದಾರರ ಒಪ್ಪಂದದಲ್ಲಿ ರಿವರ್ಸ್ ಎಂಜಿನಿಯರಿಂಗ್ ನಿಷೇಧಿಸುವ ಸಾಲಿದ್ದರೆ ತೆಗೆಯಿರಿ. ಬೇರೆ ಒಪ್ಪಂದದಿಂದ ನಕಲು ಮಾಡಿಕೊಂಡಾಗ ಈ ಸಾಲು ಕಣ್ತಪ್ಪಿ ಉಳಿದುಬಿಡುವುದು ಹೆಚ್ಚು.

ಪೇಟೆಂಟಿನ ಭಾಗ ಹೆಚ್ಚು ಗೋಜಲು. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲವೆನ್ನುತ್ತದೆಂದು ನೆಮ್ಮದಿಯಾಗಿರುವಂತಿಲ್ಲ: ಡಿವಿಡಿ ಪ್ಲೇಯರ್‌ಗಳ ವಿಷಯದಲ್ಲಿ ದೆಹಲಿ ಹೈಕೋರ್ಟ್ 2018ರಲ್ಲಿ ಫಿಲಿಪ್ಸ್ ಪರವಾಗಿ ತೀರ್ಪಿತ್ತು ರಾಯಧನ ಕೊಡಿಸಿದೆ. ಎಚ್.264ರ ಪೇಟೆಂಟ್ ಕೂಟವನ್ನು (ಹಲವು ಒಡೆಯರ ಪೇಟೆಂಟುಗಳಿಗೆ ಒಟ್ಟಾಗಿ ಪರವಾನಗಿ ಕೊಡುವ ಏರ್ಪಾಟು) ಮೊದಲು ಎಂಪೆಗ್ ಎಲ್‌ಎ ನೋಡಿಕೊಳ್ಳುತ್ತಿತ್ತು. 2023ರಿಂದ ಅದು ವಯಾ ಎಲ್‌ಎ ಕೈಯಲ್ಲಿದೆ. ಎನ್‌ಕೋಡರ್ ಮತ್ತು ಡಿಕೋಡರ್‌ಗಳ ವಿಷಯದಲ್ಲಿ ವರ್ಷಕ್ಕೆ ಮೊದಲ 1,00,000 ಪ್ರತಿಗಳಿಗೆ ರಾಯಧನವಿಲ್ಲವೆಂಬುದು ಅದರ ಬಹುಕಾಲದ ನಿಯಮ. ಚಂದಾ ಪಡೆದು ವಿಡಿಯೊ ತೋರಿಸುವವರು ಮಾತ್ರ ಆ ವರ್ಷದ ದರಪಟ್ಟಿಯನ್ನು ನೇರವಾಗಿ ಅಲ್ಲಿಂದಲೇ ತರಿಸಿಕೊಳ್ಳಬೇಕು. ಸಿಸ್ಕೊ ಕಂಪನಿಯ ಓಪನ್‌ಎಚ್264 ಬಳಸಿದರೆ ರಾಯಧನವನ್ನು ಆ ಕಂಪನಿಯೇ ಕಟ್ಟುತ್ತದೆ, ಆದರೆ ಅದರ ಸಿದ್ಧ ಪ್ರತಿ ಬಳಕೆದಾರರ ಸಾಧನಕ್ಕೆ ಸಿಸ್ಕೊ ಸರ್ವರಿನಿಂದಲೇ ಪ್ರತ್ಯೇಕವಾಗಿ ಇಳಿಯಬೇಕು. ಎಚ್.264ರ ನಂತರ ಬಂದ ಎಚ್‌ಇವಿಸಿ ಕೋಡೆಕ್‌ನಲ್ಲಿ ಕೂಟದ ಹೊರಗೂ ಪೇಟೆಂಟ್ ಒಡೆಯರಿರುವುದರಿಂದ ಒಂದೇ ಕಡೆ ಹಣ ಕಟ್ಟಿ ಕೈತೊಳೆದುಕೊಳ್ಳಲಾಗದು. ಸಣ್ಣ ತಂಡಗಳು ಅದರಿಂದ ದೂರವಿರುವುದು ಒಳ್ಳೆಯದು.

ವಿಡಿಯೊಗೆ 2018ರಲ್ಲಿ ಬಂದ ಎವಿ1 ಮತ್ತು ಧ್ವನಿಗೆ ಓಪಸ್, ಇವೆರಡನ್ನೂ ರಾಯಧನವಿಲ್ಲದೆ ಬಳಸಲೆಂದೇ ರೂಪಿಸಲಾಗಿದೆ. ಎವಿ1ರ ಮೇಲೂ ಸಿಸ್ವೆಲ್ ಸಂಸ್ಥೆ ಪೇಟೆಂಟ್ ಕೂಟ ಕಟ್ಟಿ ಹಕ್ಕು ಹೇಳುತ್ತಿದೆ ಎಂಬುದು ನೆನಪಿರಲಿ. ಎಂಪಿ3ಯ ಪರವಾನಗಿ ಕಾರ್ಯಕ್ರಮವಂತೂ 2017ರಲ್ಲೇ ಮುಗಿದಿದೆ.

ಇಷ್ಟಾದ ಮೇಲೆ ಪ್ರತಿ ಬಿಡುಗಡೆಯ ಜೊತೆಗೂ ಎಫ್‌ಎಫ್‌ಎಂಪೆಗ್‌ನ ಕಾನ್ಫಿಗರ್ ಸಾಲು (ಕಂಪೈಲ್ ಮಾಡುವಾಗ ಕೊಟ್ಟ ಆಯ್ಕೆಗಳು), ಆವೃತ್ತಿ ಮತ್ತು ಸೋರ್ಸ್ ಇಟ್ಟ ವಿಳಾಸವನ್ನು ಒಂದು ಕಡತದಲ್ಲಿ ಬರೆದಿಡಿ. ಎರಡು ವರ್ಷ ಕಳೆದು ಯಾರಾದರೂ ಪ್ರಶ್ನಿಸಿದಾಗ, ಆ ಪ್ರತಿಯನ್ನು ಕಟ್ಟಿದವರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರೂ, ಆ ಕಡತ ನೋಡಿಯೇ ಉತ್ತರ ಕೊಡಬಹುದು.