ಎರಡನೇ ಮಾನಿಟರ್ ಮತ್ತು ‘ಥ’ದ ಹೊಟ್ಟೆಯ ಚುಕ್ಕೆ

ನಾನು ಪುಸ್ತಕಗಳ ಕರಡು ತಿದ್ದುವವಳು. ಶಿರಸಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲಿನ ಮನೆಯಲ್ಲಿ ಕೂತು ಕೆಲಸ. ಲೇಖಕರ ಕೈಬರಹ ಸ್ಕ್ಯಾನ್ ಆಗಿ ಬರುತ್ತದೆ, ಟೈಪಾದ ಪುಟಗಳು ಬೇರೆ ಬರುತ್ತವೆ. ಎರಡನ್ನೂ ಸಾಲು ಸಾಲಾಗಿ ಹೋಲಿಸಬೇಕು. ಹತ್ತು ವರ್ಷ ಇದನ್ನು ಒಂದೇ ಮಾನಿಟರಿನಲ್ಲಿ ಮಾಡಿದೆ. ಆಲ್ಟ್ ಟ್ಯಾಬ್ ಒತ್ತಿ ಅಲ್ಲಿ ಹೋಗಿ ಇಲ್ಲಿ ಬರುವಷ್ಟರಲ್ಲಿ ಕಣ್ಣು ಸಾಲು ಬಿಟ್ಟಿರುತ್ತದೆ. ಒಂದೇ ಪದ ಎರಡು ಸಾಲಿನಲ್ಲಿ ಬಂದಿದ್ದರೆ ನಡುವಿನದ್ದು ಪೂರ್ತಿ ಹಾರಿಹೋಗುತ್ತದೆ. ಪರದೆಯನ್ನು ಅರ್ಧರ್ಧ ಮಾಡಿ ನೋಡಿದೆ. ಅಕ್ಷರ ಸಣ್ಣದಾಗಿ ಒತ್ತಕ್ಷರ ಕಾಣದೇ ಹೋಯಿತು.

ಕಳೆದ ದೊಡ್ಡಬ್ಬಕ್ಕೆ ಬೆಂಗಳೂರಿನಿಂದ ಬಂದ ಮೈದುನ ತನ್ನ ಹಳೇ 19 ಇಂಚಿನ ಮಾನಿಟರನ್ನು ಕಾರಿನಲ್ಲಿ ಹಾಕಿಕೊಂಡು ಬಂದ. “ಅತ್ತಿಗೆ, ಸುಮ್ನೆ ಅಟ್ಟದ ಮೇಲೆ ಬಿದ್ದಿತ್ತು, ನಿಮಗೆ ಬೇಕಾಗ್ತದೆ” ಅಂದ. ಅತ್ತೆ ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಕೂಸೆ, ಒಂದು ಸಾಕಾಗ್ತಿಲ್ಯಾ?” ಅಂದರು. ಸಾಕಾಗುತ್ತಿರಲಿಲ್ಲ.

ನನ್ನದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ ಕಂಪ್ಯೂಟರ್. ಹಿಂದೆ ಎರಡು ಎಚ್‌ಡಿಎಂಐ ಪೋರ್ಟ್ ಇವೆ, ಅಂದರೆ ಪರದೆಗೆ ಚಿತ್ರ ಕಳಿಸುವ ಕೇಬಲಿನ ಬಾಯಿ. ಒಂದರಲ್ಲಿ ಮೊದಲಿನ 22 ಇಂಚಿನ ಮಾನಿಟರ್ ಇತ್ತು. ಹಳೇದಕ್ಕೆ ಇರುವುದು ವಿಜಿಎ ಮಾತ್ರ. ಇಕ್ಕೆಲದಲ್ಲಿ ಸ್ಕ್ರೂ ಇರುವ, ಮೂರು ಸಾಲಿನಲ್ಲಿ 15 ಪಿನ್ ಇರುವ ನೀಲಿ ಬಾಯಿ. 1987ರಲ್ಲಿ ಐಬಿಎಂ ತಂದ ಪದ್ಧತಿ, ಇನ್ನೂ ನಡೆದುಕೊಂಡು ಬಂದಿದೆ. ನಡುವೆ ಒಂದು ಅಡಾಪ್ಟರ್ ಬೇಕು ಅಂತ ಪೇಟೆಗೆ ಹೋದೆ. “ವಿಜಿಎಗೂ ಎಚ್‌ಡಿಎಂಐಗೂ ಸೇರಿಸೋದು ಕೊಡಿ” ಅಂದೆ. ಕೊಟ್ಟರು. ಮನೆಗೆ ಬಂದು ಹಾಕಿದರೆ ಪರದೆ ಮೇಲೆ ‘ನೋ ಸಿಗ್ನಲ್’. ಕೇಬಲ್ ಬಿಚ್ಚಿ ಹಾಕಿದೆ, ಪೋರ್ಟ್ ಬದಲಿಸಿದೆ, ಎರಡು ಗಂಟೆ ಹೋಯಿತು. ಕೊನೆಗೆ ಅಡಾಪ್ಟರಿನ ಮೇಲಿದ್ದ ಸಣ್ಣ ಬಾಣದ ಗುರುತು ಕಂಡಿತು. ಅದು ವಿಜಿಎ ಇರುವ ಹಳೇ ಕಂಪ್ಯೂಟರನ್ನು ಹೊಸ ಟಿವಿಗೆ ಸೇರಿಸುವಂಥದ್ದು. ನನಗೆ ಬೇಕಾಗಿದ್ದು ಅದರ ತಿರುಗುಮುರುಗು. ಎಚ್‌ಡಿಎಂಐಯಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್, ವಿಜಿಎಯಲ್ಲಿ ಅನಲಾಗ್. ನಡುವಿನ ಚಿಪ್ ಒಂದು ದಿಕ್ಕಿಗೆ ಮಾತ್ರ ಬದಲಾಯಿಸಿ ಕೊಡುತ್ತದೆ. ಅದಕ್ಕೇ ಅಂಗಡಿಯಲ್ಲಿ ಕೇಳುವಾಗ “ಕಂಪ್ಯೂಟರಿನಲ್ಲಿ ಎಚ್‌ಡಿಎಂಐ, ಮಾನಿಟರಿನಲ್ಲಿ ವಿಜಿಎ” ಅಂತ ಎರಡೂ ತುದಿ ಬಿಡಿಸಿ ಹೇಳಬೇಕು. ಎರಡೂ ಬಾಯಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೇದು.

ಮರುದಿನ ಬದಲಾಯಿಸಿಕೊಂಡು ಬಂದೆ. ಈಗ ಚಿತ್ರ ಬಂತು, ಆದರೆ ನಾಲ್ಕೈದು ನಿಮಿಷಕ್ಕೊಮ್ಮೆ ಕಪ್ಪಾಗಿ ಮತ್ತೆ ಬರುತ್ತಿತ್ತು. ಅಡಾಪ್ಟರಿನ ಬದಿಯಲ್ಲಿ ಮೈಕ್ರೋ ಯುಎಸ್‌ಬಿಯ ತೂತು ಇತ್ತು. ಎಚ್‌ಡಿಎಂಐಯಿಂದ ಸಿಗುವುದು 5 ವೋಲ್ಟಿನ ತುಸುವೇ ಕರೆಂಟ್. ಕೆಲವು ಅಡಾಪ್ಟರಿಗೆ ಅದು ಸಾಲುವುದಿಲ್ಲ. ಹಳೇ ಫೋನಿನ ಕೇಬಲ್ ತಂದು ಆ ತೂತಿಗೂ ಕಂಪ್ಯೂಟರಿನ ಯುಎಸ್‌ಬಿಗೂ ಸೇರಿಸಿದೆ. ಅಲ್ಲಿಗೆ ಆ ಕಾಟ ನಿಂತಿತು.

ಎರಡರಲ್ಲೂ ಒಂದೇ ಚಿತ್ರ ಬರುತ್ತಿತ್ತು. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದೆ, ಎರಡೂ ಸೇರಿ ಒಂದೇ ಅಗಲ ಪರದೆಯಾಯಿತು, ಮುಗಿಯಿತು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ನಿಜವಾದ ಕೆಲಸ ಶುರುವಾದದ್ದು ಆಮೇಲೆ.

ಹಳೇ ಪರದೆಯಲ್ಲಿ ಒಂದು ಕನ್ನಡ ಪುಟ ತೆರೆದೆ. ‘ಕಥೆ’ ಅಂತ ಇರುವಲ್ಲಿ ‘ಕಧೆ’ ಅಂತ ಕಂಡಿತು. ಕಡತದಲ್ಲಿ ಸರಿಯಾಗಿಯೇ ಇದೆ! ಥ ಮತ್ತು ಧ ನಡುವೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ, ಅಷ್ಟೇ. ಆ ಚುಕ್ಕೆ ಮಸುಕಾಗಿ ಬಳಿದುಕೊಂಡು ಹೋಗಿತ್ತು. ಕರಡು ತಿದ್ದುವವಳಿಗೆ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ಹೋಗಿ ಆ ಮಾನಿಟರಿನ ಚೌಕದ ಮೇಲೆ ಒತ್ತಿ ನೋಡಿದೆ. ರೆಸಲ್ಯೂಶನ್, ಅಂದರೆ ಪರದೆಯ ಅಗಲಕ್ಕೆ ಎತ್ತರಕ್ಕೆ ಪಿಕ್ಸೆಲ್ ಅನ್ನುವ ಬೆಳಕಿನ ಚುಕ್ಕೆ ಎಷ್ಟೆಷ್ಟು ಅನ್ನುವ ಲೆಕ್ಕ, 1024×768 ಅಂತ ಕೂತಿತ್ತು. ಅದರ ಹುಟ್ಟು ಅಳತೆ 1440×900. ಅದನ್ನು ಆರಿಸಿದ ಕೂಡಲೇ ಅಕ್ಷರ ನೆಟ್ಟಗಾದವು. ಎಲ್‌ಸಿಡಿ ಪರದೆಯಲ್ಲಿ ಈ ಬೆಳಕಿನ ಚುಕ್ಕೆಗಳು ಎಣಿಸಿ ಇಟ್ಟ ಹಾಗೆ ಇರುತ್ತವೆ. ಬೇರೆ ಅಳತೆ ಕೊಟ್ಟರೆ ಒಂದು ಚುಕ್ಕೆಯನ್ನು ಪಕ್ಕದ ಚುಕ್ಕೆಗೂ ಹಂಚಬೇಕಾಗುತ್ತದೆ, ಅದೇ ಮಸುಕು.

ಆದರೂ ಅಕ್ಷರದ ಅಂಚು ಸಣ್ಣಗೆ ನಡುಗುತ್ತಿತ್ತು. ವಿಜಿಎ ಮಾನಿಟರುಗಳಲ್ಲಿ ‘ಆಟೋ’ ಅಂತ ಒಂದು ಗುಂಡಿ ಇರುತ್ತದೆ. ಪರದೆ ತುಂಬ ಬಿಳಿ ಪುಟ ತೆರೆದುಕೊಂಡು ಅದನ್ನು ಒತ್ತಿದೆ. ಚಿತ್ರ ಒಮ್ಮೆ ಅತ್ತಿತ್ತ ಸರಿದು ಸ್ಥಿರವಾಯಿತು. ಕೊನೆಗೆ ಸ್ಟಾರ್ಟ್ ಮೆನುವಿನಲ್ಲಿ ‘ಕ್ಲಿಯರ್‌ಟೈಪ್’ ಹುಡುಕಿದೆ. ಅದು ಪ್ರತಿ ಮಾನಿಟರಿಗೂ ಬೇರೆ ಬೇರೆಯಾಗಿ ಅಕ್ಷರದ ಮಾದರಿ ತೋರಿಸಿ ಯಾವುದು ಚೆನ್ನ ಅಂತ ಕೇಳುತ್ತದೆ. ಅವಸರ ಮಾಡದೇ ಆರಿಸಿದೆ. ಚುಕ್ಕೆ ವಾಪಸ್ ಬಂತು.

ಇಷ್ಟೆಲ್ಲ ಆದರೂ ಎಚ್‌ಡಿಎಂಐಯಷ್ಟು ಚೊಕ್ಕ ಆಗಲಿಲ್ಲ. ಹಾಗಾಗಿ ಕೆಲಸವನ್ನು ಪಾಲು ಹಾಕಿದೆ. ಟೈಪಾದ ಪುಟ ಒಳ್ಳೇ ಪರದೆಯಲ್ಲಿ, ಕೈಬರಹದ ಸ್ಕ್ಯಾನ್ ಹಳೇದರಲ್ಲಿ. ಕೈಬರಹವನ್ನು ನಾನು ಓದುತ್ತೇನೆ, ಟೈಪಾದದ್ದನ್ನು ಸೋಸುತ್ತೇನೆ. ಸೋಸುವ ಜಾಗಕ್ಕೇ ಒಳ್ಳೇ ಬೆಳಕು ಬೇಕಲ್ವಾ?

ಮೌಸ್ ಒಂದು ಸಿಕ್ಕಿಕೊಳ್ಳುತ್ತಿತ್ತು. ನನ್ನ 22 ಇಂಚಿನ ಹೊಸ ಪರದೆಯ ಮೇಲಿನ ತುದಿಯಿಂದ ಹಳೇದಕ್ಕೆ ದಾಟಲು ಹೋದರೆ ಅಂಚಿನಲ್ಲೇ ನಿಂತುಬಿಡುತ್ತಿತ್ತು. ಒಂದು 1080 ಚುಕ್ಕೆ ಎತ್ತರ, ಇನ್ನೊಂದು 900. ಮೇಲಿನ 180 ಚುಕ್ಕೆಗಳ ಎದುರಿಗೆ ಆ ಕಡೆ ಏನೂ ಇಲ್ಲ, ಗೋಡೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎರಡು ಚೌಕಗಳನ್ನು ಎಳೆದು, ಮೇಜಿನ ಮೇಲೆ ಅವು ಹೇಗೆ ಕೂತಿವೆಯೋ ಹಾಗೇ ಜೋಡಿಸಿದೆ. ಮೇಲಂಚು ಸಮ, ಎಡಕ್ಕೆ ಹಳೇದು.

ಅಕ್ಷರದ ಗಾತ್ರವೂ ಬೇರೆ ಬೇರೆ ಕಾಣುತ್ತಿತ್ತು. ಒಂದೇ ಪುಟವನ್ನು ಎರಡರಲ್ಲೂ 100 ಶೇಕಡದಲ್ಲಿ ತೆರೆದು ಮಗಳ ಅಳತೆಪಟ್ಟಿ ಇಟ್ಟು ನೋಡಿದೆ. ಒಂದು ಸಾಲು ಹೊಸದರಲ್ಲಿ 13 ಸೆಂಟಿಮೀಟರ್, ಹಳೇದರಲ್ಲಿ ಹತ್ತಿರ ಹತ್ತಿರ 15. ಹೊಸದರ ಪುಟವನ್ನು 115ಕ್ಕೆ ಏರಿಸಿದೆ, ಸರಿಹೋಯಿತು. ಕಣ್ಣು ಅತ್ತಿಂದ ಇತ್ತ ಬಂದಾಗ ಮತ್ತೆ ಹೊಂದಿಸಿಕೊಳ್ಳುವ ಶ್ರಮ ಇಲ್ಲ. ಸಂಜೆಯ ತಲೆನೋವು ಕಮ್ಮಿಯಾದದ್ದು ಇದರಿಂದ ಅಂತಲೇ ನನಗೆ ಅನಿಸುತ್ತದೆ.

ಪುಸ್ತಕದ ಪುಟ ಉದ್ದ ಅಲ್ವಾ, ಮಾನಿಟರನ್ನೇ ನಿಲ್ಲಿಸಿದರೆ ಹೇಗೆ ಅಂತಲೂ ಯೋಚಿಸಿದೆ. ಆಚಾರಿಯ ಹತ್ತಿರ ಹಲಗೆ ಮಾಡಿಸುವ ಮೊದಲು, ಹಳೇದನ್ನು ಉದ್ದಕ್ಕೆ ತಿರುಗಿಸಿ ಪುಸ್ತಕಗಳಿಗೆ ಒರಗಿಸಿ ನೋಡಿದೆ. ಒಂದು ಬದಿ ಮಂಕು, ಇನ್ನೊಂದು ಬದಿ ಹಳದಿ. ಟಿಎನ್ ಪ್ಯಾನೆಲ್ ಅನ್ನುವ ಬಗೆಯ ಹಳೇ ಎಲ್‌ಸಿಡಿ ಪರದೆಗಳು ಮೇಲಿಂದ ಕೆಳಗಿಂದ ನೋಡಿದರೆ ಬಣ್ಣ ಕೆಡುತ್ತವೆ. ತಿರುಗಿಸಿ ನಿಲ್ಲಿಸಿದಾಗ ಆ ದೋಷ ಎಡಬಲಕ್ಕೆ ಬರುತ್ತದೆ. ಹಾಗಾಗಿ ಅದನ್ನು ಕೈಬಿಟ್ಟೆ. ಹಲಸಿನ ಹಲಗೆಯೊಂದನ್ನು ಬುಡಕ್ಕೆ ಕೊಟ್ಟು ಎತ್ತರ ಮಾತ್ರ ಸರಿಮಾಡಿದೆ.

ಮೊದಮೊದಲು ಎರಡನ್ನೂ ಸಮವಾಗಿ ಇಟ್ಟು ನಡುವೆ ಕೂತಿದ್ದೆ. ಮೂಗಿನ ನೇರಕ್ಕೆ ಎರಡು ಚೌಕಟ್ಟಿನ ಸಂದು. ವಾರದಲ್ಲಿ ಕುತ್ತಿಗೆ ಹಿಡಿಯಿತು. ಈಗ ಹೊಸದು ನೇರ ಎದುರಿಗೆ, ಒಂದು ತೋಳಿನ ದೂರದಲ್ಲಿ. ಹಳೇದು ಎಡಕ್ಕೆ, ಬಾಗಿಲು ಅರೆ ತೆರೆದ ಹಾಗೆ ನನ್ನ ಕಡೆ ತಿರುಗಿದೆ.

ಹಳೇದನ್ನು ಆಫ್ ಮಾಡಿಟ್ಟ ದಿನ ಕೆಲವು ವಿಂಡೋ ಕಾಣದ ಪರದೆಯಲ್ಲೇ ತೆರೆದುಕೊಳ್ಳುತ್ತವೆ. ಆಗ ವಿಂಡೋಸ್, ಶಿಫ್ಟ್ ಜೊತೆ ಬಲ ಬಾಣ ಒತ್ತಿದರೆ ಈ ಕಡೆ ಬರುತ್ತದೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಎರಡನ್ನೂ ಹಚ್ಚುತ್ತೇನೆ, ಇಲ್ಲಿನ ತೇವಕ್ಕೆ ಪಿನ್‌ಗಳು ಹಸಿರುಗಟ್ಟುತ್ತವೆ. ಗುಡುಗಿನ ಸದ್ದು ಕೇಳಿದರೆ ಸ್ವಿಚ್ ಆರಿಸಿ ಸುಮ್ಮನಾಗುವುದಿಲ್ಲ. ಎರಡೂ ಮಾನಿಟರಿನ ಪ್ಲಗ್, ಕಂಪ್ಯೂಟರಿನದ್ದು, ಇಂಟರ್ನೆಟ್ಟಿನ ರೌಟರಿನದ್ದು, ನಾಲ್ಕನ್ನೂ ಕಿತ್ತಿಡುತ್ತೇನೆ. ಮೊದಲು ಮೂರಿದ್ದವು.