ಧಾರಣೆ ಪುಟ ಬದಲಾಯಿಸಿದಾಗ ಬೆಳೆಗಾರರು ಹೇಳಿದ್ದು

ಅಡಿಕೆ ಧಾರಣೆ ತೋರಿಸುವ ಒಂದು ಸಣ್ಣ ವೆಬ್‌ಸೈಟನ್ನು ನಾವು ಕೆಲವರು ಸೇರಿ ನಡೆಸುತ್ತೇವೆ. ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ, ತೀರ್ಥಹಳ್ಳಿ ಕಡೆಯ ಬೆಳೆಗಾರರು ದಿನಾ ನೋಡುವ ಪುಟ ಅದು. ಅದರ ವಿನ್ಯಾಸ, ಕೋಡು ಎರಡೂ ನನ್ನ ಜವಾಬ್ದಾರಿ. ಇತ್ತೀಚೆಗೆ ಇಡೀ ಪುಟವನ್ನು ಹೊಸದಾಗಿ ಕಟ್ಟಿದೆವು. ಕಟ್ಟುವಾಗಲೇ ಜನರ ಮುಂದಿಟ್ಟು ಪರೀಕ್ಷೆ ಮಾಡಿದೆವು. ಇಂಥ ಕೆಲಸಕ್ಕೆ ಕೈ ಹಾಕಿರುವವರಿಗೆ ಉಪಯೋಗ ಆಗಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ಹಳೇ ಪುಟ ಅಂದರೆ ಒಂದು ದೊಡ್ಡ ಪಟ್ಟಿ, ಅಷ್ಟೇ. ಎಡಗಡೆ ಮಾರುಕಟ್ಟೆಯ ಹೆಸರು. ಮುಂದೆ ಅಡಿಕೆಯ ಬಗೆಗಳು: ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ. ಒಂದೊಂದಕ್ಕೂ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ (ಜಾಸ್ತಿ ಮಾಲು ಹೋದ) ಬೆಲೆ. ಕಂಪ್ಯೂಟರ್ ಕಾಲದಲ್ಲಿ ಮಾಡಿದ್ದು. ಫೋನಿನಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು, ಎರಡು ಬೆರಳಲ್ಲಿ ಹಿಗ್ಗಿಸಿ, ಆ ಕಡೆ ಈ ಕಡೆ ಎಳೆದು ಓದಬೇಕಿತ್ತು. ಈಗ ನಮ್ಮಲ್ಲಿಗೆ ಬರುವವರು ಹೆಚ್ಚೂ ಕಡಿಮೆ ಎಲ್ಲರೂ ಫೋನಿನವರೇ. ಅದಕ್ಕೇ ಹೊಸದರಲ್ಲಿ ಒಂದೊಂದು ಬಗೆಗೆ ಒಂದೊಂದು ಕಾರ್ಡು ಮಾಡಿದೆವು. ದೊಡ್ಡ ಅಕ್ಷರ, ಏರಿಕೆಗೆ ಹಸಿರು, ಇಳಿಕೆಗೆ ಕೆಂಪು, ಮುಟ್ಟಿದರೆ ಉಳಿದ ವಿವರ ತೆರೆದುಕೊಳ್ಳುತ್ತದೆ.

ಅದನ್ನು ಒಂದೇ ದಿನ ಎಲ್ಲರ ಮೇಲೂ ಹೇರಬಾರದು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ವೆಬ್ ಕೆಲಸ ಮಾಡುವವರಿಗೆ ಡಿಗ್ ಕಥೆ ಗೊತ್ತೇ ಇರುತ್ತದೆ. ಅಮೆರಿಕದ ಆ ಸುದ್ದಿ ತಾಣ 2010ರ ಆಗಸ್ಟ್‌ನಲ್ಲಿ ನಾಲ್ಕನೇ ಆವೃತ್ತಿ ಬಿಟ್ಟಿತು. ಜನ ದಿನಾ ಬಳಸುತ್ತಿದ್ದ ಕೆಲವು ಸೌಲಭ್ಯಗಳೇ ಅದರಲ್ಲಿ ಇರಲಿಲ್ಲ, ಹಳೆಯದಕ್ಕೆ ವಾಪಸ್ ಹೋಗುವ ದಾರಿಯೂ ಇರಲಿಲ್ಲ. ಸಿಟ್ಟಾದ ಬಳಕೆದಾರರು ಅದರ ಮುಖಪುಟದ ತುಂಬಾ ಎದುರಾಳಿ ರೆಡ್ಡಿಟ್‌ನ ಕೊಂಡಿಗಳನ್ನೇ ತುಂಬಿದರು, ಆಮೇಲೆ ಆ ಕಡೆಗೇ ಹೋದರು. 2012ರಲ್ಲಿ ಡಿಗ್ ಕೈ ಬದಲಾಯಿತು. ಅದೇ ರೆಡ್ಡಿಟ್ 2018ರಲ್ಲಿ ತನ್ನ ವಿನ್ಯಾಸ ಬದಲಿಸಿದಾಗ ಹಳೇ ರೂಪವನ್ನು ಬೇರೆ ವಿಳಾಸದಲ್ಲಿ ಉಳಿಸಿಕೊಂಡಿತು.

ನನಗೆ ಜಾಸ್ತಿ ಹಿಡಿಸಿದ್ದು ವಿಕಿಪೀಡಿಯದ ರೀತಿ. ವೆಕ್ಟರ್ 2022 ಅನ್ನುವ ಹೊಸ ರೂಪವನ್ನು ಅವರು ತುಂಬಾ ಮೊದಲೇ, 2020ರಿಂದಲೇ, ಫ್ರೆಂಚ್ ಸೇರಿ ಕೆಲವು ಭಾಷೆಗಳಲ್ಲಿ ಹಂತ ಹಂತವಾಗಿ ಪರೀಕ್ಷಿಸಿದರು. ಇಂಗ್ಲಿಷ್‌ಗೆ ಬಂದದ್ದು 2023ರ ಜನವರಿಯಲ್ಲಿ. ಇಷ್ಟೆಲ್ಲ ಮಾಡಿದರೂ ಗಲಾಟೆ ಆಯಿತು. ಸಾಲಿನ ಅಗಲ ಕಮ್ಮಿ ಮಾಡಿದ್ದಕ್ಕೆ, ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದಕ್ಕೆ ತುಂಬಾ ಜನ ರೇಗಿದರು. ಆದರೆ ಅಗಲ ಹೆಚ್ಚಿಸಿಕೊಳ್ಳಲು ಒಂದು ಗುಂಡಿ ಇತ್ತು, ಖಾತೆ ಇರುವವರಿಗೆ ಹಳೇ ರೂಪವನ್ನೇ ಇಟ್ಟುಕೊಳ್ಳುವ ಆಯ್ಕೆ ಇತ್ತು. ಪರೀಕ್ಷೆ ಎಷ್ಟೇ ಚೆನ್ನಾಗಿ ಮಾಡಿದರೂ ಸಿಟ್ಟು ಬಂದೇ ಬರುತ್ತದೆ, ಆ ಸಿಟ್ಟಿಗೆ ಹೋಗಲು ಒಂದು ದಾರಿ ಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಶುರು ಮಾಡಿದೆವು.

ನಮ್ಮ ವ್ಯವಸ್ಥೆ ಸರಳ. ಹಳೇ ಪುಟದ ನೆತ್ತಿಯಲ್ಲಿ ‘ಹೊಸ ಪುಟ ನೋಡಿ’ ಅಂತ ಒಂದು ಪಟ್ಟಿ. ಹೊಸದರ ನೆತ್ತಿಯಲ್ಲಿ, ಅದೇ ಜಾಗದಲ್ಲಿ, ‘ಹಳೇ ಪುಟಕ್ಕೆ ಹೋಗಿ’. ಯಾವುದನ್ನು ಆರಿಸಿದರೋ ಅದನ್ನು ಫೋನು ನೆನಪಿಟ್ಟುಕೊಳ್ಳುತ್ತದೆ, ಮರುದಿನ ಮತ್ತೆ ಕೇಳುವುದಿಲ್ಲ. ವಾಪಸ್ ಹೋಗುವವರಿಗೆ ಒಂದೇ ಒಂದು ಪ್ರಶ್ನೆ: ‘ಏನು ನೋಡೋಕೆ ಬಂದಿದ್ರಿ, ಎಲ್ಲಿ ತೊಡಕಾಯ್ತು?’ ‘ಹೇಗಿದೆ’ ಅಂತ ಎಲ್ಲೂ ಕೇಳಲಿಲ್ಲ. ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಎರಡೇ ಉತ್ತರ ಬರುತ್ತವೆ. ಅದರಿಂದ ನಾವು ಏನನ್ನೂ ತಿದ್ದೋಕೆ ಆಗಲ್ಲ.

ಉತ್ತರ ಬರೆಯುವ ಪೆಟ್ಟಿಗೆಯ ಪಕ್ಕದಲ್ಲೇ ವಾಟ್ಸಾಪ್ ಗುಂಡಿ ಇಟ್ಟು, ‘ಮಾತಾಡಿ ಕಳಿಸಿ’ ಅಂದೆವು. ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಅರವತ್ತು ದಾಟಿದ ಬೆಳೆಗಾರರು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಕಡಿಮೆ. ಮಾತಾಡು ಅಂದರೆ ಹಿಂದೆ ಅಡಿಕೆ ಸುಲಿಯೋ ಮೆಷಿನ್ ಸದ್ದು ಕೇಳಿಸುತ್ತಿದ್ದರೂ ನಿಂತಲ್ಲೇ ನಿಮಿಷಗಟ್ಟಲೆ ವಿವರಿಸುತ್ತಾರೆ. ‘ನಾನು ತೋಟದಲ್ಲಿದ್ದೆ, ಸಿಗ್ನಲ್ ಒಂದೇ ಕಡ್ಡಿ ಇತ್ತು, ನಿಮ್ಮ ಹೊಸ ಪುಟ ಬಿಚ್ಚಲೇ ಇಲ್ಲ’ ಅನ್ನುವುದು ಬರಹದಲ್ಲಿ ‘ಓಪನ್ ಆಗಲ್ಲ’ ಅಂತ ಎರಡೇ ಪದ ಆಗಿರುತ್ತಿತ್ತು. ಆ ಒಂದು ಮಾತಿನಿಂದಲೇ ನಾವು ಬೇರೆ ಕನ್ನಡ ಫಾಂಟನ್ನು ಇಳಿಸುವುದು ಬಿಟ್ಟು ಫೋನಿನಲ್ಲಿ ಇರುವ ಅಕ್ಷರವನ್ನೇ ಬಳಸಿದೆವು. ಒತ್ತಕ್ಷರ, ಗುಣಿತಾಕ್ಷರ ಎಲ್ಲ ಸೇರಿ ಕನ್ನಡ ಫಾಂಟಿನ ಕಡತ ಇಂಗ್ಲಿಷ್‌ನದ್ದಕ್ಕಿಂತ ದೊಡ್ಡದು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಹೇಗೂ ಇರುತ್ತದಲ್ಲ, ಮತ್ತೆ ಯಾಕೆ ಇಳಿಸಬೇಕು?

ಮೊದಲ ಅಲೆಯಲ್ಲಿ ಬಂದದ್ದೆಲ್ಲ ಬೈಗುಳವೇ. ‘ಹಳೇದೇ ಚೆನ್ನಾಗಿತ್ತು’, ‘ಯಾರು ಕೇಳಿದ್ರು ಇದನ್ನ?’ ಇದನ್ನು ಓದುವಾಗ ಬೇಸರ ಆಗುತ್ತದೆ, ನಿಜ. ಆದರೆ ಇದು ಎಲ್ಲ ಕಡೆ ಆಗುವಂಥದ್ದು. 2012ರಲ್ಲಿ ಕಡತ ಇಡುವ ಡ್ರೈವ್ ಸೇವೆ ತಂದಾಗ ಗೂಗಲ್‌ನವರು ಈ ಬದಲಾವಣೆಯ ಬೇಸರವನ್ನೇ ಅಧ್ಯಯನ ಮಾಡಿ ಮರುವರ್ಷ ಪ್ರಬಂಧ ಬರೆದರು. ಬಳಕೆದಾರ ಕೈಗೆ ರೂಢಿಯಾದದ್ದನ್ನು ಕಳೆದುಕೊಳ್ಳುತ್ತಾನೆ, ಹೊಸದು ಒಳ್ಳೆಯದೇ ಇದ್ದರೂ ಸ್ವಲ್ಪ ಕಾಲ ಕಿರಿಕಿರಿ ಇರುತ್ತದೆ. ಹಾಗಂತ ‘ಆಮೇಲೆ ಒಗ್ಗಿಕೊಳ್ತಾರೆ ಬಿಡು’ ಅಂತ ಸುಮ್ಮನಿರುವುದು ನನಗೆ ಒಪ್ಪಿಗೆ ಇಲ್ಲ. ಸಿಟ್ಟಿನ ಕೆಳಗೆ ಒಂದು ಕೆಲಸ ಕೆಟ್ಟಿರುತ್ತದೆ. ಅದು ಯಾವುದು ಅಂತ ಹುಡುಕಬೇಕು.

ಹುಡುಕಲು ಮಂಡಿಗೇ ಹೋದೆವು. ಅಡಿಕೆಗೆ ಬೆಲೆ ಕಟ್ಟುವ ಟೆಂಡರ್ ದಿನ ಎಪಿಎಂಸಿ ಯಾರ್ಡ್‌ನಲ್ಲಿ ಬೆಳೆಗಾರರು ಸಿಗುತ್ತಾರೆ, ಅಡಿಕೆ ಚೀಲದ ಪಕ್ಕದಲ್ಲೇ ಕೂತು ಮಾತಾಡುತ್ತಾರೆ. ಅವರ ಫೋನಿನಲ್ಲೇ ಹೊಸ ಪುಟ ತೆರೆಯಲು ಹೇಳಿ, ನಾವು ಬಾಯಿ ಮುಚ್ಚಿಕೊಂಡು ನೋಡಿದೆವು. ಐದು ಜನರ ಕೈಯಲ್ಲಿ ಬಳಸಿ ನೋಡಿದರೆ ಸುಮಾರು 85% ತೊಡಕು ಕಾಣುತ್ತದೆ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ನನ್ನ ಅನುಭವದಲ್ಲಿ ಐದೇ ಜನ ಸಾಕು, ಆದರೆ ಒಂದೊಂದು ಬಗೆಯಿಂದ ಐದೈದು. ಬೆಳೆಗಾರರು ಬೇರೆ, ಮಂಡಿಯ ಗುಮಾಸ್ತರು ಬೇರೆ, ಬೆಂಗಳೂರಲ್ಲಿ ಕೂತು ದರ ನೋಡಿ ಅಪ್ಪನಿಗೆ ಫೋನ್ ಮಾಡುವ ಮಕ್ಕಳು ಬೇರೆ.

ಅಲ್ಲಿ ಒಬ್ಬ ಹಿರಿಯರು ಕಾರ್ಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮತ್ತೆ ಮೇಲೆ ಹೋದರು. ಮತ್ತೆ ಕೆಳಗೆ ಬಂದರು. ಕೊನೆಗೆ ನನ್ನ ಕಡೆ ತಿರುಗಿ, ‘ನೋಡಪ್ಪಾ, ನಂಗೆ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಒಟ್ಟಿಗೆ ಕಾಣ್ಬೇಕು. ಮನೇಲಿ ಮೂರೂ ಇದೆ. ಯಾವುದು ಕೊಡೋದು, ಯಾವುದು ಇಡೋದು ಅಂತ ಅದರ ಮೇಲೇ ತೀರ್ಮಾನ’ ಅಂದರು. ಹೇಳಿ ಹಳೇ ಪುಟ ತೆರೆದರು, ಸ್ಕ್ರೀನ್‌ಶಾಟ್ ತೆಗೆದರು, ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು.

ಆ ಸ್ಕ್ರೀನ್‌ಶಾಟೇ ವಿಷಯ! ಹಳೇ ಪಟ್ಟಿ ಎಷ್ಟೇ ಸಣ್ಣ ಅಕ್ಷರದ್ದಾದರೂ ಒಂದೇ ಚಿತ್ರದಲ್ಲಿ ಇಡೀ ದಿನದ ಧಾರಣೆ ಹಿಡಿಯುತ್ತಿತ್ತು. ಅಣ್ಣನಿಗೆ, ಭಾವನಿಗೆ, ಪಕ್ಕದ ತೋಟದವರಿಗೆ ಕಳಿಸಿದರೆ ಅವರು ಅಲ್ಲೇ ಹಿಗ್ಗಿಸಿ ಓದಿಕೊಳ್ಳುತ್ತಿದ್ದರು. ನಮ್ಮ ಕಾರ್ಡುಗಳನ್ನು ಕಳಿಸಬೇಕೆಂದರೆ ನಾಲ್ಕೈದು ಚಿತ್ರ ಬೇಕು. ‘ಹಳೇದೇ ಚೆನ್ನಾಗಿತ್ತು’ ಅಂದವರಲ್ಲಿ ಎಷ್ಟೋ ಜನ ಹೇಳುತ್ತಿದ್ದದ್ದು ಇದನ್ನೇ. ಅದನ್ನು ಬಾಯಿಬಿಟ್ಟು ಹೇಳಿದವರು ಮಾತ್ರ ತೀರಾ ಕಡಿಮೆ. ದಿನಾ ಮಾಡುವ ಕೆಲಸವನ್ನು ಯಾರೂ ಒಂದು ಕೆಲಸ ಅಂತ ಎಣಿಸುವುದಿಲ್ಲ ಅಲ್ವಾ? ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅಲ್ಲಿಂದ ನಮ್ಮ ಗುರಿಯೇ ಬದಲಾಯಿತು. ಒಂದು ಮಾರುಕಟ್ಟೆ, ಅದರ ಎಲ್ಲ ಬಗೆ, ಇವತ್ತಿನ ಬೆಲೆ, ನಿನ್ನೆಗಿಂತ ಎಷ್ಟು ವ್ಯತ್ಯಾಸ, ದಿನಾಂಕ: ಇಷ್ಟೂ ಸಾಮಾನ್ಯ ಫೋನಿನ ಒಂದು ಪರದೆಯಲ್ಲಿ, ಹಿಗ್ಗಿಸದೆ ಓದುವ ಅಕ್ಷರದಲ್ಲಿ ಹಿಡಿಯಬೇಕು. ದಿನಾಂಕ ಪರದೆಯ ಒಳಗೇ ಇರಲೇಬೇಕು. ಇಲ್ಲದಿದ್ದರೆ ಹೋದ ವಾರದ ಚಿತ್ರ ಇವತ್ತಿನದು ಅಂತ ಊರೆಲ್ಲ ಸುತ್ತುತ್ತದೆ. ಕಾರ್ಡು ಹೋಗಿ ಚಿಕ್ಕ ಪಟ್ಟಿ ಬಂತು.

ಆದರೆ ಕಾರ್ಡಿನಿಂದ ಒಬ್ಬರಿಗೆ ನಿಜಕ್ಕೂ ಉಪಕಾರ ಆಗಿತ್ತು. ದೃಷ್ಟಿ ಇಲ್ಲದ ಬೆಳೆಗಾರರೊಬ್ಬರು ನಮ್ಮ ಪುಟವನ್ನು ಟಾಕ್‌ಬ್ಯಾಕ್‌ನಲ್ಲಿ, ಅಂದರೆ ಪರದೆಯಲ್ಲಿ ಇರುವುದನ್ನು ಫೋನೇ ಓದಿ ಹೇಳುವ ಸೌಲಭ್ಯದಲ್ಲಿ, ಕೇಳಿಸಿಕೊಳ್ಳುತ್ತಾರೆ. ಹಳೇ ಪಟ್ಟಿ ಅವರಿಗೆ ಬರೀ ಅಂಕಿಗಳ ಸಾಲು, ಯಾವ ಅಂಕಿ ಯಾವುದಕ್ಕೆ ಅಂತ ಗೊತ್ತಾಗುತ್ತಿರಲಿಲ್ಲ. ಕಾರ್ಡಿನಲ್ಲಿ ‘ರಾಶಿ’ ಅಂತ ಹೇಳಿ ಆಮೇಲೆ ಬೆಲೆ ಹೇಳುತ್ತಿತ್ತು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಪಟ್ಟಿಯ ಒಂದೊಂದು ಮನೆಗೂ ಕಣ್ಣಿಗೆ ಕಾಣದ ಹೆಸರು ಕೊಟ್ಟೆವು. ಬೆರಳಿಟ್ಟರೆ ‘ಸಾಗರ, ರಾಶಿ, ಮಾದರಿ ಬೆಲೆ’ ಅಂತ ಪೂರ್ತಿ ಓದಿ ಆಮೇಲೆ ಅಂಕಿ ಹೇಳುತ್ತದೆ. ಸಾರ್ವಜನಿಕ ಪರೀಕ್ಷೆಯಲ್ಲಿ ಬಂದ ದನಿಗಳನ್ನು ಬರೀ ಎಣಿಸುತ್ತಾ ಹೋಗಿದ್ದರೆ ಈ ಒಂದು ದನಿ ಕಳೆದುಹೋಗುತ್ತಿತ್ತು.

ಇನ್ನೊಂದು ದೊಡ್ಡ ಆಕ್ಷೇಪ ಬೆಲೆಯ ಬಗ್ಗೆಯೇ. ಕಾರ್ಡಿನಲ್ಲಿ ಗರಿಷ್ಠ ಬೆಲೆ ದಪ್ಪಕ್ಷರದಲ್ಲಿತ್ತು. ಮಂಡಿಯವರು ಇದನ್ನು ಖಂಡಿಸಿದರು. ನನ್ನ ಪ್ರಕಾರ ಅವರ ಮಾತು ನೂರಕ್ಕೆ ನೂರು ಸರಿ. ಗರಿಷ್ಠ ಅನ್ನುವುದು ಆ ದಿನದ ಅತ್ಯುತ್ತಮ ಲಾಟ್‌ಗೆ, ಅಂದರೆ ಮಾರಾಟಕ್ಕೆ ಒಟ್ಟಿಗೆ ಇಟ್ಟ ಮಾಲಿಗೆ, ಸಿಕ್ಕಿದ ಬೆಲೆ. ಅದು ಒಂದೇ ಲಾಟ್ ಇರಬಹುದು. ಜಾಸ್ತಿ ಮಾಲು ಯಾವ ಬೆಲೆಯಲ್ಲಿ ಹೋಯಿತು ಅಂತ ಹೇಳುವುದು ಮಾದರಿ ಬೆಲೆ. ದಪ್ಪಕ್ಷರದ ಗರಿಷ್ಠ ನೋಡಿ ಬಂದ ಬೆಳೆಗಾರ ತನ್ನ ಮಾಲಿಗೆ ಅದು ಸಿಗದಿದ್ದರೆ ಮೋಸ ಹೋದೆ ಅಂದುಕೊಳ್ಳುತ್ತಾನೆ. ಅಕ್ಷರದ ದಪ್ಪ ಬರೀ ಅಂದಕ್ಕೆ ಅಂತ ಯಾರಾದರೂ ಹೇಳಿದರೆ ಈಗ ನಾನು ಈ ಉದಾಹರಣೆ ಕೊಡುತ್ತೇನೆ. ಈಗ ಮಾದರಿ ಬೆಲೆ ದಪ್ಪ, ಕನಿಷ್ಠ, ಗರಿಷ್ಠ ಎರಡೂ ಅದರ ಕೆಳಗೆ ಸಣ್ಣದಾಗಿ.

‘ನಿಮ್ಮ ಪುಟದಲ್ಲಿ ಕನ್ನಡ ತಪ್ಪಿದೆ, ಬೆಟ್ಟೆ ಅಂತ ಬರೆಯೋಕೂ ಬರಲ್ವಾ’ ಅಂತ ಕೆಲವರು ಗದರಿದ್ದರು. ನಮ್ಮ ಫೋನುಗಳಲ್ಲಿ ಸರಿಯಾಗಿಯೇ ಇತ್ತು. ಮಂಡಿಯಲ್ಲಿ ಒಬ್ಬರ ಫೋನು ಕೈಗೆ ತೆಗೆದುಕೊಂಡು ನೋಡಿದಾಗ ಅರ್ಥ ಆಯಿತು. ಕಣ್ಣು ಸರಿಯಾಗಿ ಕಾಣದವರು ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡಿರುತ್ತಾರೆ. ಗುಂಡಿಯ ಎತ್ತರ ಮಾತ್ರ ಅಷ್ಟೇ ಉಳಿದು, ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಿತ್ತು. ‘ಬೆಟ್ಟೆ’ ಹೋಗಿ ‘ಬೆಟೆ’, ‘ಮಾರುಕಟ್ಟೆ’ ಹೋಗಿ ‘ಮಾರುಕಟೆ’. ಇಂಗ್ಲಿಷಿಗೆ ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಇದ್ದರೆ ಸಾಕಾಗಬಹುದು, ಕನ್ನಡಕ್ಕೆ ಸಾಲದು. 1.6 ಮಾಡಿ, ಗುಂಡಿಯ ಎತ್ತರವನ್ನು ಅಕ್ಷರದ ಜೊತೆ ಬೆಳೆಯಲು ಬಿಟ್ಟೆವು. ಕನ್ನಡದಲ್ಲಿ ಪುಟ ಮಾಡುವವರೆಲ್ಲ ಇದನ್ನೊಂದು ಪರೀಕ್ಷಿಸಿ: ಫೋನಿನ ಅಕ್ಷರವನ್ನು ಪೂರ್ತಿ ದೊಡ್ಡದು ಮಾಡಿ, ‘ರಾಷ್ಟ್ರ’ದಂಥ ಪದವನ್ನು ಎಲ್ಲ ಗುಂಡಿಗಳಲ್ಲೂ ಹಾಕಿ ನೋಡಿ.

ಬಣ್ಣದ ಪಾಠವನ್ನು ಬಿಸಿಲು ಕಲಿಸಿತು. ಆಫೀಸಿನಲ್ಲಿ ಚೆಂದ ಕಾಣುವ ತಿಳಿ ಬೂದು ಅಕ್ಷರ ಮಟಮಟ ಮಧ್ಯಾಹ್ನ ಯಾರ್ಡಿನಲ್ಲಿ ಕಾಣುವುದೇ ಇಲ್ಲ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕು ಅಂತ ವೆಬ್‌ನ ನಿಯಮವೇ ಇದೆ. ಬಿಸಿಲಿಗೆ ಅದೂ ಸಾಲದು, ನಾವು ಬಿಳಿಯ ಮೇಲೆ ಕಡುಗಪ್ಪಿಗೇ ಬಂದೆವು. ಕೆಂಪು, ಹಸಿರು ಗುರುತಿಸಲಾಗದವರೂ ಇರುತ್ತಾರೆ, ಅವರಿಗಾಗಿ ಬಾಣದ ಜೊತೆ ‘ಏರಿಕೆ’, ‘ಇಳಿಕೆ’ ಅನ್ನುವ ಪದವನ್ನೂ ಹಾಕಿದೆವು.

ಕನ್ನಡ ಅಂಕಿ ಬೇಕು ಅನ್ನುವ ಒತ್ತಾಯವೂ ಬಂತು. ನನಗೂ ಅದು ಪ್ರೀತಿಯ ವಿಷಯ. ಆದರೆ ಮಂಡಿಯ ಚೀಟಿಯಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ಬೆಳೆಗಾರ ಲೆಕ್ಕ ತಾಳೆ ನೋಡುವುದು ಇಂಗ್ಲಿಷ್ ಅಂಕಿಯಲ್ಲೇ. ದುಡ್ಡಿನ ವಿಷಯದಲ್ಲಿ ಒಂದು ಕ್ಷಣದ ತಡಕಾಟವೂ ಬೇಡ ಅಂತ ಆಯ್ಕೆಯಾಗಿ ಮಾತ್ರ ಕೊಟ್ಟೆವು. ಬೇಕಾದವರು ಒಂದು ಸಲ ಒತ್ತಿದರೆ ಸಾಕು.

ಬೈಗುಳ ಕಡಿಮೆಯಾದಾಗ ನಮ್ಮಲ್ಲೊಬ್ಬರು ‘ಒಗ್ಗಿಕೊಂಡ್ರು’ ಅಂದರು. ನನಗೆ ಅಷ್ಟು ಧೈರ್ಯ ಇರಲಿಲ್ಲ. ಬೈಯುವವರು ಸುಮ್ಮನಾಗಲು ಎರಡು ಕಾರಣ ಇರುತ್ತದೆ, ಒಪ್ಪಿಕೊಂಡಿರಬಹುದು ಅಥವಾ ಬಿಟ್ಟೇ ಹೋಗಿರಬಹುದು. ಅದಕ್ಕೆ ಟೆಂಡರ್ ಮುಗಿದು ಧಾರಣೆ ಬರುವ ಹೊತ್ತನ್ನೇ ಗಮನಿಸಿದೆವು. ಆ ಹೊತ್ತಿಗೆ ಪುಟ ತೆರೆದು, ಬೆಲೆ ಕಂಡು, ಬೇಗ ಹೊರಟವರು ಎಷ್ಟು? ಧಾರಣೆ ಪುಟದಲ್ಲಿ ಜನ ಜಾಸ್ತಿ ಹೊತ್ತು ಇದ್ದರೆ ಅದು ಒಳ್ಳೆಯ ಸುದ್ದಿ ಅಲ್ಲವೇ ಅಲ್ಲ, ಬೆಲೆ ಸಿಗದೆ ಹುಡುಕುತ್ತಿದ್ದಾರೆ ಅಂತ ಅರ್ಥ. ಕಾರ್ಡಿನ ಕಾಲದಲ್ಲಿ ಹೊತ್ತು ಹೆಚ್ಚಿತ್ತು, ಚಿಕ್ಕ ಪಟ್ಟಿ ಬಂದ ಮೇಲೆ ಇಳಿಯಿತು. ವಾಪಸ್ ಹೋಗುವವರೂ ಕಡಿಮೆಯಾದರು. ಆಗ ನನಗೆ ಸಮಾಧಾನ ಆಯಿತು.

ಹಳೇ ಪುಟ ಇನ್ನೂ ಬೇರೆ ವಿಳಾಸದಲ್ಲಿ ನಡೆಯುತ್ತಿದೆ. ಈಗ ಅದನ್ನು ಬಳಸುವವರು ಮುಖ್ಯವಾಗಿ ಮಂಡಿಯ ಗುಮಾಸ್ತರು. ಅವರು ಮಧ್ಯಾಹ್ನ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ. ಹೊಸದನ್ನು ಪ್ರಿಂಟ್ ಮಾಡಿದರೆ ಎರಡು ಹಾಳೆ ಹಿಡಿಯುತ್ತದೆ, ಮೇಲಿನ ಹಸಿರು ಪಟ್ಟಿ ಶಾಯಿ ಕುಡಿಯುತ್ತದೆ. ಪ್ರಿಂಟಿಗೆ ಬೇರೆಯೇ ರೂಪ ಬರೆಯುತ್ತಿದ್ದೇನೆ, ಬಣ್ಣ ಇಲ್ಲದೆ, ಒಂದೇ ಹಾಳೆಯಲ್ಲಿ, ಐದಡಿ ದೂರದಿಂದ ಓದುವ ಹಾಗೆ. ಅದನ್ನು ಮೊದಲು ಅವರ ಗೋಡೆಯ ಮೇಲೇ ಅಂಟಿಸಿ ನೋಡಬೇಕು. ಅವರು ಸಾಕು ಅಂದ ಮೇಲೆ ಹಳೇ ಪುಟ ನಿಲ್ಲಿಸುವ ಮಾತು.