ಅಳಲೆಕಾಯಿ ಕಷಾಯ ಹುದುಗಿಸಿದ ನನ್ನ ಅನುಭವ

ಕೆಮ್ಮು ಬಂದರೆ ಅಜ್ಜಿ ಅಳಲೆಕಾಯಿ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದರು. ನಾಲಿಗೆ ಹಿಡಿಯುವ ಆ ಒಗರಿಗೆ ಕಾರಣ ಟ್ಯಾನಿನ್. ಅಭಯಾರಿಷ್ಟ ಎಂಬ ಆಯುರ್ವೇದ ಔಷಧಿಯಲ್ಲಿ ಇದೇ ಕಾಯಿಯನ್ನು ಬೆಲ್ಲ, ಧಾತಕಿ ಹೂವಿನ ಜೊತೆ ಹುದುಗಿಸುತ್ತಾರೆ. ಅಲ್ಲಿ ಕೆಲಸ ಯೀಸ್ಟ್‌ನದು. ಹುದುಗಿಸಿದರೆ ಕಷಾಯದ ಆಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚುತ್ತದೆಯೇ ಅಂತ ತಿಳಿಯಲು, ಬೆಂಗಳೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ನಾನು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ ಹಾಕಿ ನೋಡಿದೆ. ಈ ಬ್ಯಾಕ್ಟೀರಿಯಾದ ಹಲವು ತಳಿಗಳಲ್ಲಿ ಟ್ಯಾನೇಸ್ ಎಂಬ ಕಿಣ್ವ ಇರುತ್ತದೆ. ಅದು ಟ್ಯಾನಿನ್ ಒಡೆದು ಗ್ಯಾಲಿಕ್ ಆಮ್ಲ ಬಿಡಿಸುತ್ತದೆ.

ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯಿಂದ ಕಾಯಿ ತಂದೆ. ಬೀಜ ತೆಗೆದು ಪುಡಿ ಮಾಡಿ, ಗಟ್ಟಿ ಕಷಾಯ ಕಾಸಿ, ಆರಿಸಿ, ಬ್ಯಾಕ್ಟೀರಿಯಾ ಸೇರಿಸಿ 37 ಡಿಗ್ರಿಯಲ್ಲಿ ಎರಡು ದಿನ ಇಟ್ಟೆ. ಹುಳಿಯ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4ಕ್ಕಿಂತ ಕೆಳಗಿತ್ತು. ಹುಳಿ ಬಂತು ಅಂತ ತುಂಬಾ ಖುಷಿಪಟ್ಟೆ. ಆಮೇಲೆ ಬ್ಯಾಕ್ಟೀರಿಯಾ ಹಾಕದ ಬಾಟಲಿ ನೋಡಿದರೆ ಅದೂ ಅಷ್ಟೇ ಹುಳಿ! ಕಷಾಯವೇ ಮೊದಲಿನಿಂದ ಹುಳಿ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪ್ಲೇಟಿಗೆ ಹಾಕಿದರೆ ಅವುಗಳ ಒಂದು ಗುಂಪೂ (ಕಾಲೊನಿ) ಬೆಳೆಯಲಿಲ್ಲ. ಅಷ್ಟು ಹುಳಿ, ಅಷ್ಟು ಟ್ಯಾನಿನ್ ನಡುವೆ ಅವು ಬದುಕಿರಲಿಲ್ಲ.

ಮುಂದಿನ ಸಲ ಕಷಾಯ ತೆಳ್ಳಗೆ ಮಾಡಿದೆ. ಸ್ವಲ್ಪ ಬೆಲ್ಲ ಹಾಕಿ, ಪಿಎಚ್ 6ಕ್ಕೆ ಏರಿಸಿದೆ. ಹೋಲಿಕೆಯ ಬಾಟಲಿಗೂ ಅಷ್ಟೇ ಬೆಲ್ಲ, ಅದೇ ಪಿಎಚ್, ಅದೇ ಇನ್‌ಕ್ಯುಬೇಟರ್. ಈ ಸಲ ಬ್ಯಾಕ್ಟೀರಿಯಾ ಹಾಕಿದ್ದು ಮಾತ್ರ ಹುಳಿಯಾಯಿತು.

ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಡಿಪಿಪಿಎಚ್ ಎಂಬ ರಾಸಾಯನಿಕ ಬಳಸಿದೆ. ಮೆಥನಾಲ್‌ನಲ್ಲಿ ಕರಗಿಸಿದರೆ ಒಳ್ಳೆ ನೇರಳೆ ಬಣ್ಣ. ಕಷಾಯ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಟ್ಟು 517 ನ್ಯಾನೊಮೀಟರ್ ಬೆಳಕಿನಲ್ಲಿ ಎಷ್ಟು ಬಣ್ಣ ಉಳಿದಿದೆ ಅಂತ ಅಳೆಯಬೇಕು. ಬಣ್ಣ ಹೋದಷ್ಟೂ ಶಕ್ತಿ ಜಾಸ್ತಿ. ತೆಗೆದು ನೋಡಿದರೆ ಹುದುಗಿಸಿದ್ದು, ಹುದುಗಿಸದ್ದು ಎರಡೂ ಟ್ಯೂಬು ಹಳದಿ! ಹುದುಗಿಸದ ಅಳಲೆಕಾಯಿಗೇ ಅಷ್ಟು ಶಕ್ತಿ ಇದೆ. ಇಲ್ಲಿಗೇ ನಿಲ್ಲಿಸಿದ್ದರೆ ಹುದುಗಿಸಿದ್ದರಿಂದ ಏನೂ ಆಗಲಿಲ್ಲ ಅಂತ ಬರೆದುಬಿಡುತ್ತಿದ್ದೆ. ಎರಡನ್ನೂ ಮತ್ತೆ ಮತ್ತೆ ತೆಳು ಮಾಡುತ್ತಾ ಹೋದೆ. ಕೊನೆಗೆ ಹುದುಗಿಸದ ಕಷಾಯದ ಟ್ಯೂಬಿನಲ್ಲಿ ನೇರಳೆ ಉಳಿಯಿತು. ಹುದುಗಿಸಿದ್ದರಲ್ಲಿ ಅದು ತಿಳಿಯಾಗಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ ಬಂತು.

ಮನೆಯಲ್ಲಿ ಚಿಕ್ಕಮ್ಮ, "ಇದು ಹಚ್ಚಿದ್ರೆ ಸುಕ್ಕು ಹೋಗುತ್ತೇನೇ?" ಅಂತ ಕೇಳಿದರು. ಹಾಗೆ ಹೇಳೋಕಾಗಲ್ಲ ಚಿಕ್ಕಮ್ಮ ಅಂದೆ. ಟ್ಯೂಬಿನಲ್ಲಿ ಬಣ್ಣ ಹೋಗುವುದೇ ಬೇರೆ, ಚರ್ಮದೊಳಗೆ ಇಳಿದು ಕೆಲಸ ಮಾಡುವುದೇ ಬೇರೆ, ಅಲ್ವಾ? ಲ್ಯಾಬಿನ ಬಾಟಲಿಯನ್ನು ನಾನಂತೂ ಮನೆಗೆ ತಂದಿಲ್ಲ. ಯಾರೂ ಸುಮ್ನೆ ಮಾಡಿ ಕುಡಿಯಬೇಡಿ.

ಈಗ ಮೂರನೇ ಬಾಟಲಿ ಇಟ್ಟಿದ್ದೇನೆ. ಅದಕ್ಕೆ ಕುದಿಸಿ ಸಾಯಿಸಿದ ಬ್ಯಾಕ್ಟೀರಿಯಾ ಹಾಕಿದ್ದೇನೆ. ಅದರಲ್ಲೂ ಹುದುಗಿಸಿದ್ದರಷ್ಟೇ ಬಣ್ಣ ಹೋದರೆ ನನ್ನ ಲೆಕ್ಕ ಮತ್ತೆ ಮೊದಲಿನಿಂದ.